ಜಿಲ್ಲಾ ವಾರ್ತೆಯ ಹೆಸರು, ಲೋಗೋ, ಗ್ರಾಫಿಕ್ಸ್ ಬದಲಿಸುವಾಗ ಮೊದಲು ಯಾವುದಕ್ಕೆ ಕೈ ಹಾಕಬೇಕು?

ನೀವು ಕೇಳಿದ್ದು ಇಷ್ಟು: ಉತ್ತರ ಕನ್ನಡದ ಶಿರಸಿಯಿಂದ ದಿನಾ ರಾತ್ರಿ ಅರ್ಧ ಗಂಟೆಯ ವಾರ್ತೆ ಕೇಬಲ್‌ನಲ್ಲೂ ಯೂಟ್ಯೂಬ್‌ನಲ್ಲೂ ಹೋಗುತ್ತಿದೆ, ಈಗ ಕುಮಟಾ, ಕಾರವಾರದ ಕಡೆಯ ನೋಡುಗರೂ ಬೇಕು, ಹೆಸರು, ಲೋಗೋ, ಟ್ಯೂನ್, ಗ್ರಾಫಿಕ್ಸ್ ಎಲ್ಲ ಹೊಸದಾಗಬೇಕು, ಎಲ್ಲಿಂದ ಶುರು ಮಾಡಲಿ?

ಲೋಗೋದಿಂದ ಬೇಡ. ಪರದೆಯ ಮೇಲೆ ಊರ ಹೆಸರು ಬರುವ ಪಟ್ಟಿಯಿಂದ ಶುರು ಮಾಡಿ. ಸ್ಥಳೀಯ ವಾರ್ತೆ ನೋಡುವವರು ಚಾನೆಲ್ ಯಾವುದು ಅನ್ನುವುದಕ್ಕಿಂತ ಮೊದಲು ಸುದ್ದಿ ಯಾವ ಊರಿನದು ಅಂತ ನೋಡುತ್ತಾರೆ. ನಿಮ್ಮ ಕಾರ್ಯಕ್ರಮದ ಗುರುತು ನಿಜವಾಗಿ ಇರುವುದು ಆ ಪಟ್ಟಿಯಲ್ಲಿ.

ಅಲ್ಲಿ ಆಗುವ ತಪ್ಪುಗಳು ಸಣ್ಣವು, ಪರಿಣಾಮ ದೊಡ್ಡದು. ಬರೇ ‘ಶಿರೂರು’ ಎಂದು ಹಾಕಿದರೆ ಅಂಕೋಲಾದ ಶಿರೂರೋ, ಭಟ್ಕಳ ದಾಟಿದ ಮೇಲೆ ಉಡುಪಿ ಜಿಲ್ಲೆಯಲ್ಲಿ ಸಿಗುವ ಶಿರೂರೋ ತಿಳಿಯುವುದಿಲ್ಲ. ಎರಡೂ ರಾಷ್ಟ್ರೀಯ ಹೆದ್ದಾರಿ 66ರ ಮೇಲೇ ಇವೆ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾದ್ದರಲ್ಲಿ. ಅಂಥ ದಿನ ತಾಲೂಕಿನ ಹೆಸರಿಲ್ಲದ ಪಟ್ಟಿ ಹಾಕಿದರೆ ಎರಡು ಜಿಲ್ಲೆಯ ಜನ ಗಾಬರಿಯಾಗುತ್ತಾರೆ. ಹಾಗೆಯೇ ‘ಹೆಗಡೆ’ ಎಂದು ಮಾತ್ರ ಬರೆದರೆ ಕುಮಟಾದವರಿಗೆ ಅದು ಊರು, ಘಟ್ಟದ ಮೇಲಿನವರಿಗೆ ಮಾತಾಡುತ್ತಿರುವವರ ಅಡ್ಡಹೆಸರು. ಆದ್ದರಿಂದ ಊರು ದೊಡ್ಡದಾಗಿ, ಅದರ ಪಕ್ಕ ಅಥವಾ ಕೆಳಗೆ ತಾಲೂಕು ಚಿಕ್ಕದಾಗಿ, ಯಾವಾಗಲೂ ಎರಡೂ ಇರಲಿ. ಜಿಲ್ಲೆಯ 12 ತಾಲೂಕುಗಳ ಹೆಸರನ್ನು ಹೇಗೆ ಬರೆಯಬೇಕೆಂದು ಒಂದು ಹಾಳೆಯಲ್ಲಿ ಬರೆದು ಗ್ರಾಫಿಕ್ಸ್ ಮಾಡುವವರ ಎದುರಿನ ಗೋಡೆಗೆ ಅಂಟಿಸಿ. ಒಂದೇ ಬುಲೆಟಿನ್‌ನಲ್ಲಿ ಶಿರಸಿ, ಸಿರ್ಸಿ ಎರಡೂ ಬಂದರೆ, ಜೊಯಿಡಾ ಒಮ್ಮೆ ಜೋಯಿಡಾ ಆದರೆ, ಎಷ್ಟು ಚೆಂದದ ಲೋಗೋ ಇದ್ದರೂ ಕಾರ್ಯಕ್ರಮ ಕಚ್ಚಾ ಅನ್ನಿಸುತ್ತದೆ.

ಇನ್ನು ಹೆಸರು. ‘ಕರಾವಳಿ’ ಸೇರಿಸಿದರೆ ಮುಂಡಗೋಡ, ಹಳಿಯಾಳದವರು ಇದು ನಮ್ಮದಲ್ಲ ಅಂತ ರಿಮೋಟ್ ಒತ್ತುತ್ತಾರೆ. ‘ಶಿರಸಿ’ ಉಳಿಸಿಕೊಂಡರೆ ಘಟ್ಟದ ಕೆಳಗೆ ಇಳಿಯುವುದು ಕಷ್ಟ; ಶಿರಸಿ ಪ್ರತ್ಯೇಕ ಜಿಲ್ಲೆಯಾಗಲಿ ಎಂಬ ಕೂಗು ಇರುವಾಗ ಆ ಹೆಸರಿಗೆ ಬೇರೆ ಬಣ್ಣವೂ ಬರುತ್ತದೆ. ನಾನಾದರೆ ಹೊಳೆಯ ಹೆಸರಿನತ್ತ ವಾಲುತ್ತೇನೆ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಕುಮಟಾ ತಾಲೂಕಿನಲ್ಲಿ ಕಡಲು ಸೇರುತ್ತದೆ, ಒತ್ತಕ್ಷರ ಒಂದೂ ಇಲ್ಲ, ಮೂಲೆಯ ಲೋಗೋದಲ್ಲಿ ಸಲೀಸಾಗಿ ಓದಬಹುದು. ಯಾವ ಹೆಸರೇ ಆಗಲಿ, ಮೊದಲೇ ಯಾರಾದರೂ ಬಳಸುತ್ತಿದ್ದಾರಾ, ಟ್ರೇಡ್‌ಮಾರ್ಕ್ ಇದೆಯಾ ಅಂತ ಹುಡುಕಿ ನೋಡಿ.

ಹೆಸರು, ಸಮಯ, ಆ್ಯಂಕರ್, ಟ್ಯೂನ್, ಈ ನಾಲ್ಕರಲ್ಲಿ ಎರಡನ್ನಾದರೂ ಹಾಗೇ ಉಳಿಸಿ. 2024ರ ಏಪ್ರಿಲ್‌ನಲ್ಲಿ ಡಿಡಿ ನ್ಯೂಸ್ ಲಾಂಛನ ಕೆಂಪಿನಿಂದ ಕೇಸರಿಗೆ ಹೋದಾಗ ಬಣ್ಣದ ಬಗ್ಗೆ ಜಗಳವಾಯಿತು, ಆದರೆ ಯಾರೂ ಚಾನೆಲ್ ಹುಡುಕಿಕೊಂಡು ಅಲೆಯಲಿಲ್ಲ. ಹೆಸರು ಅದೇ ಇತ್ತು. ನೀವು ಹೆಸರನ್ನೇ ಬದಲಿಸುವವರು, ಹಾಗಾಗಿ ಸಮಯವನ್ನೂ ಟ್ಯೂನನ್ನೂ ಮುಟ್ಟಬೇಡಿ. ಒಳಗಿದ್ದವರು ಅಡುಗೆಮನೆಯಿಂದ ಟಿವಿ ಮುಂದೆ ಬರುವುದು ಟ್ಯೂನ್ ಕೇಳಿ, ಲೋಗೋ ನೋಡಿ ಅಲ್ಲ. ಟ್ಯೂನ್ ಹಳೆಯದಾಯಿತು ಅನ್ನಿಸಿದರೆ ರಾಗ ಅದೇ ಇಟ್ಟು ವಾದ್ಯ ಬದಲಿಸಿ, 8ರಿಂದ 10 ಸೆಕೆಂಡಿಗೆ ಇಳಿಸಿ. ಬಡಗುತಿಟ್ಟು ಯಕ್ಷಗಾನದ ಚಂಡೆ ಹಾಕುವ ಆಸೆ ಎಲ್ಲರಿಗೂ ಇರುತ್ತದೆ, ಅದು ಟಿವಿಯ ಸಣ್ಣ ಸ್ಪೀಕರ್‌ನಲ್ಲೂ ಚುರುಕಾಗಿ ಕೇಳುತ್ತದೆ. ಮದ್ದಳೆಯ ಕೆಳಸ್ವರ ಮಾತ್ರ ಅಲ್ಲಿ ಕಳೆದುಹೋಗುತ್ತದೆ. ಮಿಕ್ಸ್ ಆದಮೇಲೆ ಮೋನೋದಲ್ಲಿ, ಅಂದರೆ ಎಡಬಲದ ದನಿ ಒಂದಾಗಿಸಿ, ಒಮ್ಮೆ ಕೇಳಿ. ಕೀಬೋರ್ಡಿನ ಅಗಲವಾದ ಸ್ಟೀರಿಯೋ ಸ್ವರಗಳು ಮೋನೋದಲ್ಲಿ ಒಂದನ್ನೊಂದು ಅಳಿಸಿಕೊಂಡು ಮಾಯವಾಗುವುದುಂಟು. ಹೆಡ್‌ಲೈನ್ಸ್ ಓದುವಾಗ ಹಿನ್ನೆಲೆ ಸಂಗೀತ ದನಿಗಿಂತ 15ರಿಂದ 18 ಡೆಸಿಬಲ್ ಕೆಳಗಿರಲಿ. ಸ್ಟಾಕ್ ಲೂಪ್ (ಯಾರು ಬೇಕಾದರೂ ಕೊಳ್ಳಬಹುದಾದ ಸಿದ್ಧ ಸಂಗೀತದ ತುಣುಕು) ಕೊಂಡು ಟ್ಯೂನ್ ಮಾಡಿದರೆ ಅದೇ ಲೂಪನ್ನು ಬೇರೆ ಯಾರೋ ತಮ್ಮ ಹಾಡಿನಲ್ಲಿ ಸೇರಿಸಿ ಯೂಟ್ಯೂಬ್‌ನಲ್ಲಿ ನೋಂದಾಯಿಸಿರಬಹುದು, ನಿಮ್ಮ ಬುಲೆಟಿನ್‌ಗೆ ದಿನಾ ಹಕ್ಕುಸ್ವಾಮ್ಯದ ಕ್ಲೇಮ್ ಬರಬಹುದು. ಊರಿನ ವಾದಕರಿಂದ ನುಡಿಸಿಸಿ, ಹಕ್ಕು ಬರೆಸಿಕೊಳ್ಳಿ.

ಈಗ ಪರದೆ. 1920×1080ರಲ್ಲಿ ಕೆಲಸ ಮಾಡುತ್ತೀರಿ ಅಂದುಕೊಳ್ಳುತ್ತೇನೆ. ನಾಲ್ಕೂ ಕಡೆ ಶೇ 5 ಬಿಡಿ, ಅಂದರೆ ಎಡಬಲ 96 ಪಿಕ್ಸೆಲ್, ಮೇಲೆ ಕೆಳಗೆ 54. ಅದರ ಹೊರಗೆ ಅಕ್ಷರ ಬೇಡ, ಹಳೆಯ ಟಿವಿಗಳು ಅಂಚನ್ನು ನುಂಗುತ್ತವೆ. ಕೇಬಲ್‌ನಲ್ಲಿ ನಿಮ್ಮ ಚಾನೆಲ್ ಎಸ್‌ಡಿಯಲ್ಲಿ (ಹಳೆಯ, ಕಡಿಮೆ ಸ್ಪಷ್ಟತೆಯ ರೂಪದಲ್ಲಿ) ಹೋಗುತ್ತಿದ್ದರೆ 1080 ಗೆರೆಗಳು 576ಕ್ಕೆ ಇಳಿಯುತ್ತವೆ. ಸ್ಟುಡಿಯೋ ಮಾನಿಟರ್‌ನಲ್ಲಿ ಮುದ್ದಾಗಿ ಕಾಣುವ 36 ಪಿಕ್ಸೆಲ್ ಅಕ್ಷರ ಅಲ್ಲಿ 19 ಗೆರೆ, ಅದರ ಒತ್ತಕ್ಷರ ಬರೀ ಚುಕ್ಕೆ. ಸ್ಕ್ರೋಲ್‌ಗೆ, ಅಂದರೆ ಅಡಿಯಲ್ಲಿ ಓಡುವ ಸಾಲಿಗೆ, 56, ಸುದ್ದಿಯ ಸಾಲಿಗೆ 60ಕ್ಕಿಂತ ಕೆಳಗೆ ಹೋಗಬೇಡಿ. ಅಡ್ಡಗೆರೆಗಳು ಕನಿಷ್ಠ 4 ಪಿಕ್ಸೆಲ್ ದಪ್ಪ ಇರಬೇಕು, ಇಲ್ಲವಾದರೆ ಎಸ್‌ಡಿಯಲ್ಲಿ ಮಿಣುಕುತ್ತವೆ.

ಕನ್ನಡಕ್ಕೆ ಪಟ್ಟಿಯ ಎತ್ತರ ಹೆಚ್ಚು ಬೇಕು. ಇಂಗ್ಲಿಷ್ ಟೆಂಪ್ಲೇಟ್ ತಂದು ಅಕ್ಷರ ಮಾತ್ರ ಬದಲಿಸಿದರೆ ಒತ್ತು ಕತ್ತರಿಸಿ ಹೋಗುತ್ತದೆ. ಪರೀಕ್ಷೆಗೆ ‘ರಾಷ್ಟ್ರೀಯ ಹೆದ್ದಾರಿ 66’ ಎಂದು ಟೈಪ್ ಮಾಡಿ. ಅದರ ತಲೆಯೂ ಪಾದವೂ ಪಟ್ಟಿಯೊಳಗೆ ಉಸಿರಾಡುವಂತಿದ್ದರೆ ಮಿಕ್ಕಿದ್ದೆಲ್ಲ ಹಿಡಿಯುತ್ತದೆ. 56ರ ಅಕ್ಷರಕ್ಕೆ 96 ಪಿಕ್ಸೆಲ್‌ನ ಪಟ್ಟಿ ಸರಿ. ಊರಿನ ಪಟ್ಟಿಗೆ 300 ಪಿಕ್ಸೆಲ್ ಬಿಟ್ಟರೆ ಸುದ್ದಿಯ ಸಾಲಿಗೆ ಸುಮಾರು 22–25 ಅಕ್ಷರ ಉಳಿಯುತ್ತದೆ. ಅಷ್ಟರಲ್ಲೇ ಬರೆಯಲು ಡೆಸ್ಕಿನವರಿಗೆ ರೂಢಿ ಮಾಡಿಸಿ. ಅಕ್ಷರ ಕುಗ್ಗಿಸಿ ತುರುಕುವುದು ಬೇಡ.

ಫಾಂಟ್‌ಗೆ ನನ್ನ ಮೊದಲ ಆಯ್ಕೆ ಅನೇಕ್ ಕನ್ನಡ. ಉಚಿತ, ವ್ಯಾಪಾರಕ್ಕೂ ಬಳಸಬಹುದು, ದಪ್ಪ ತೆಳುವಿನ ಜೊತೆಗೆ ಅಗಲ ಕಿರಿದಿನ ರೂಪಗಳೂ ಇವೆ. ನೋಟೋ ಸಾನ್ಸ್ ಕನ್ನಡವೂ ನಡೆಯುತ್ತದೆ. ದೊಡ್ಡ ಪಾಡು ಸಾಫ್ಟ್‌ವೇರಿನದು. ಯಲ್ಲಾಪುರ ಎಂದು ಟೈಪ್ ಮಾಡಿದ್ದು ‘ಯಲ್‌ಲಾಪುರ’ ಎಂದೂ ಹೊನ್ನಾವರ ‘ಹೊನ್‌ನಾವರ’ ಎಂದೂ ಬಿಡಿಬಿಡಿಯಾಗಿ ಬಂದರೆ ಫಾಂಟ್ ಬದಲಿಸುತ್ತ ಕೂರಬೇಡಿ, ತಪ್ಪು ಅದರದ್ದಲ್ಲ. ಪ್ರೀಮಿಯರ್ ಪ್ರೊ, ಆಫ್ಟರ್ ಎಫೆಕ್ಟ್ಸ್‌ನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಮಾಡಿ, ಪ್ರೋಗ್ರಾಂ ಮುಚ್ಚಿ ತೆರೆಯಿರಿ. ನೇರ ಪ್ರಸಾರದ ತಂತ್ರಾಂಶ ಓಬಿಎಸ್‌ನಲ್ಲಿ ಫ್ರೀಟೈಪ್ ಟೆಕ್ಸ್ಟ್ ಸೋರ್ಸ್ ಕನ್ನಡದ ಒತ್ತನ್ನು ಜೋಡಿಸುವುದಿಲ್ಲ. ಪಟ್ಟಿಯನ್ನು ಸಣ್ಣ ಎಚ್‌ಟಿಎಂಎಲ್ ಪುಟವಾಗಿ ಮಾಡಿ ಬ್ರೌಸರ್ ಸೋರ್ಸ್‌ನಲ್ಲಿ ಹಾಕಿ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟ್‌ನಲ್ಲಿ ಬಂದ ಸುದ್ದಿಯನ್ನು ಯೂನಿಕೋಡ್‌ಗೆ ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಿ. ಗೋಕರ್ಣ ಅಲ್ಲೇ ಕೆಡುವುದು.

ಸ್ಕ್ರೋಲ್ ಓಡುವ ವೇಗ ಫೀಲ್ಡಿಗೆ (ಇಂಟರ್‌ಲೇಸ್ ಚಿತ್ರದಲ್ಲಿ ಸರದಿಯಂತೆ ಬರುವ ಅರ್ಧರ್ಧ ಗೆರೆಗಳ ಗುಂಪು) ಪೂರ್ತಿ ಪಿಕ್ಸೆಲ್‌ಗಳಲ್ಲಿ ಇರಬೇಕು. 50 ಫೀಲ್ಡಿನ ಇಂಟರ್‌ಲೇಸ್‌ನಲ್ಲಿ ಫೀಲ್ಡಿಗೆ 4 ಪಿಕ್ಸೆಲ್ ಅಂದರೆ ಸೆಕೆಂಡಿಗೆ 200. ಒಂದು ಅಕ್ಷರ ಪರದೆ ದಾಟಲು 10 ಸೆಕೆಂಡಿಗೆ ತುಸು ಕಡಿಮೆ. ನಮ್ಮ ಲಿಪಿಗೆ ಇದು ಹಿತವಾದ ವೇಗ. ಅಕ್ಷರ ನಡುಗುತ್ತಾ ಬಂದರೆ ಫೀಲ್ಡ್ ಆರ್ಡರ್ ತಿರುಗಿದೆ ಎಂದರ್ಥ: ಎಚ್‌ಡಿಗೆ ಮೇಲಿನ ಫೀಲ್ಡ್ ಮೊದಲು, ಹಳೆಯ ಡಿವಿ ಕ್ಯಾಮೆರಾದ ಫೈಲಿಗೆ ಕೆಳಗಿನದು ಮೊದಲು.

ಎಲ್ಲವನ್ನೂ ಓಡಿಸಬೇಕೆಂದೂ ಇಲ್ಲ. ಅಡಿಕೆ ದರ ಓಡುವ ಸಾಲಿನಲ್ಲಿ ಬಂದರೆ ರೈತ ‘ಚಾಲಿ’ ಅಡಿಕೆಯ ದರಕ್ಕಾಗಿ ಕಾಯುತ್ತಾ ಕೂತಿರುತ್ತಾನೆ, ಬಂದಾಗ ಯಾರೋ ಕರೆದಿರುತ್ತಾರೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಕುಮಟಾ ನಾಲ್ಕು ಕಾಲಂ. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಕಾಳುಮೆಣಸು ಐದು ಸಾಲು. ಕನಿಷ್ಠ, ಗರಿಷ್ಠ ದರ. ಇದನ್ನು ಪೂರ್ಣ ಪರದೆಯ ಕಾರ್ಡ್ ಮಾಡಿ, ದಿನಾ ಅದೇ ನಿಮಿಷಕ್ಕೆ 20 ಸೆಕೆಂಡು ನಿಲ್ಲಿಸಿ. ಮಳೆಗಾಲದ ಶಾಲಾ ರಜೆ, ದೇವಿಮನೆ ಅರಬೈಲು ಘಟ್ಟಗಳ ಸಂಚಾರ, ಕದ್ರಾ ಅಣೆಕಟ್ಟಿನಿಂದ ನೀರು ಬಿಡುವ ಸೂಚನೆ, ಇವಕ್ಕೂ ಒಂದು ನಿಂತ ಪಟ್ಟಿಯ ವಿನ್ಯಾಸ ಈಗಲೇ ಮಾಡಿಡಿ. ರಜೆ ತಾಲೂಕುವಾರು ಘೋಷಣೆಯಾಗುತ್ತದೆ, ಹಾಗಾಗಿ 12 ಹೆಸರೂ ಒಂದೇ ಪರದೆಯಲ್ಲಿ ಹಿಡಿಯಬೇಕು. ‘ಬ್ರೇಕಿಂಗ್’ ಕೆಂಪು ಪಟ್ಟಿಯನ್ನು ಇಂಥದ್ದಕ್ಕೇ ಮೀಸಲಿಡಿ; ಸಂಘದ ವಾರ್ಷಿಕೋತ್ಸವಕ್ಕೂ ಅದನ್ನೇ ಹಾಕಿದರೆ ಗುಡ್ಡ ಕುಸಿದ ದಿನ ಯಾರೂ ತಲೆ ಎತ್ತುವುದಿಲ್ಲ.

ಕಾರವಾರದ ಕೊಂಕಣಿ ಬೈಟ್ (ಮಾತಿನ ತುಣುಕು), ಭಟ್ಕಳದ ನವಾಯತಿ ಬೈಟ್ ಬಂದಾಗ ಕನ್ನಡದ ಎರಡು ಸಾಲು ಬೇಕು. ಆ ಹೊತ್ತು ಸುದ್ದಿಯ ಪಟ್ಟಿ ತೆಗೆದುಬಿಡಿ, ಎರಡೂ ಇದ್ದರೆ ಒಂದನ್ನೂ ಓದಲಾಗದು.

ಕಾನೂನಿನ ಕಡೆ ಒಂದು ಮಾತು. 2022ರ ನವೆಂಬರ್‌ನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯಂತೆ ಕೇಬಲ್‌ನ ಸ್ವಂತ ಚಾನೆಲ್‌ಗಳ ಮೇಲೆ ‘ಪ್ಲಾಟ್‌ಫಾರ್ಮ್ ಸರ್ವಿಸಸ್’ ಎಂಬ ಬರಹ ಇರಬೇಕು, 90 ದಿನದ ರೆಕಾರ್ಡಿಂಗ್ ಇಟ್ಟಿರಬೇಕು, ಸ್ಥಳೀಯ ಸುದ್ದಿ ಕೊಡುವುದಕ್ಕೆ ಕಂಪನಿಯಾಗಿ ನೋಂದಣಿ ಬೇಕು. ಆ ಬರಹ ಎಲ್ಲಿ ಬರುತ್ತದೆ, ತಮ್ಮ ಜಾಹೀರಾತಿನ ಸ್ಕ್ರೋಲಿಂಗ್ ಎಲ್ಲಿ ಓಡುತ್ತದೆ ಅಂತ ಕೇಬಲ್ ಕಂಟ್ರೋಲ್ ರೂಮಿನವರನ್ನು ಕೇಳಿಯೇ ವಿನ್ಯಾಸಕ್ಕೆ ಕೂರಿ. ಎಷ್ಟೋ ಸಲ ಹೊಸ ಸ್ಕ್ರೋಲ್ ಮೊದಲ ದಿನವೇ ಬಟ್ಟೆ ಅಂಗಡಿಯ ಜಾಹೀರಾತಿನ ಅಡಿಗೆ ಹೋಗಿರುತ್ತದೆ.

ಬುಲೆಟಿನ್ ರೆಕಾರ್ಡ್ ಮಾಡುವಾಗ ಗ್ರಾಫಿಕ್ಸ್ ಇಲ್ಲದ ಕ್ಲೀನ್ ಫೀಡ್ ಒಂದನ್ನು ಬೇರೆಯಾಗಿ ಇಟ್ಟುಕೊಳ್ಳಿ. ವಾಟ್ಸಾಪ್‌ಗೆ, ಶಾರ್ಟ್ಸ್‌ಗೆ ನೆಟ್ಟಗಿನ ಚೌಕಟ್ಟು ಕತ್ತರಿಸಿದರೆ 1920ರಲ್ಲಿ ನಡುವಿನ 607 ಪಿಕ್ಸೆಲ್ ಮಾತ್ರ ಉಳಿಯುತ್ತದೆ, ಪಟ್ಟಿಯ ಹೆಚ್ಚಿನ ಭಾಗ ಕತ್ತರಿಸಿ ಹೋಗುತ್ತದೆ.

ಮೈಕ್ ಲೋಗೋ ಸನ್‌ಬೋರ್ಡಿನದು ಬೇಡ, ಮೊದಲ ಮಳೆಗೇ ಸ್ಟಿಕರ್ ಏಳುತ್ತದೆ, ಅಕ್ರಿಲಿಕ್‌ನಲ್ಲಿ ಮಾಡಿಸಿ. ಎಲ್ಲ ತಾಲೂಕಿನ ವರದಿಗಾರರಿಗೂ ಅದು ತಲುಪಿದ ಮೇಲೆಯೇ ಹೊಸ ಹೆಸರು ಪ್ರಸಾರಕ್ಕೆ ಹೋಗಲಿ. ಮೂಲೆಯ ಲೋಗೋ ಹಳೆಯದು ಇದ್ದ ಮೂಲೆಯಲ್ಲೇ, ಅದಕ್ಕಿಂತ ಒಂದು ಬೆರಳು ದೊಡ್ಡದಾದ, ಪಾರದರ್ಶಕವಲ್ಲದ ಫಲಕದ ಮೇಲೆ ಬರಲಿ. ನಿಮ್ಮ ಸಂಗ್ರಹದ ದೃಶ್ಯಗಳಲ್ಲೆಲ್ಲ ಹಳೆಯ ಲೋಗೋ ಅಚ್ಚಾಗಿ ಕೂತಿದೆ. ಮಾರಿಕಾಂಬಾ ಜಾತ್ರೆಯ ಹಿಂದಿನ ತುಣುಕು ಹಾಕಿದಾಗ ಅದು ಹೊಸದರ ಹಿಂದೆ ಮುಚ್ಚಿಹೋಗುತ್ತದೆ.