ಸಾವಿನ ಭಯ, ಬೇರೆ ಜನಾಂಗದವರ ಮೇಲೆ ಸಿಟ್ಟು: ಒಂದು ಆಪ್ತಸಲಹೆ ಪ್ರಕರಣ

ಸಲಹಾರ್ಥಿ ಐವತ್ತು ದಾಟಿದ ಪುರುಷ (ಗುರುತು ಸಿಗದಂತೆ ವಿವರ ಬದಲಿಸಲಾಗಿದೆ). ಹೃದಯಾಘಾತವಾಗಿ ಸ್ಟೆಂಟ್ ಹಾಕಿದ ಎರಡು ತಿಂಗಳಿಗೆ ಪತ್ನಿ ಕರೆತಂದರು. "ಇವರು ಮೊದಲು ಹೀಗಿರಲಿಲ್ಲ" ಎಂಬುದು ಅವರ ದೂರು. ವರ್ಷಗಟ್ಟಲೆ ಜೊತೆಗೆ ದುಡಿದ ಬೇರೆ ಜನಾಂಗದ ಸಹೋದ್ಯೋಗಿಗಳ ಬಗ್ಗೆ ಈಗ "ಅವರು ಬಂದ ಮೇಲೇ ಎಲ್ಲ ಹಾಳಾಯ್ತು" ಎನ್ನುತ್ತಾರೆ. ಸಾಯುವ ಭಯವಿದೆಯೇ ಎಂದರೆ "ಅಂಥದ್ದೇನೂ ಇಲ್ಲ."

ಈ ಉತ್ತರ ಸುಳ್ಳೆನ್ನಬೇಕಿಲ್ಲ. 1986ರಲ್ಲಿ ಮನೋವಿಜ್ಞಾನಿ ಗ್ರೀನ್‌ಬರ್ಗ್ ಮತ್ತು ಸಂಗಡಿಗರು ಮಂಡಿಸಿದ ಭೀತಿ ನಿರ್ವಹಣಾ ಸಿದ್ಧಾಂತ (ಸಾವಿನ ಭಯವನ್ನು ಮನಸ್ಸು ಹೇಗೆ ನಿಭಾಯಿಸುತ್ತದೆ ಎಂಬ ವಿವರಣೆ) ಮುಂದೆ ಬೆಳೆದ ರೀತಿಯಲ್ಲಿ ಹೇಳುವುದಾದರೆ, ಸಾವು ಕಣ್ಣೆದುರಿಗಿದ್ದಾಗ ಮನುಷ್ಯ ಔಷಧ, ಪಥ್ಯ, "ನನಗಿನ್ನೂ ಕಾಲವಿದೆ" ಎಂದು ಸಮಾಧಾನಪಡುತ್ತಾನೆ. ಯೋಚನೆ ಮನಸ್ಸಿನ ಹಿಂದಕ್ಕೆ ಸರಿದ ಮೇಲೆ ತನ್ನವರನ್ನು ಬಿಗಿಯಾಗಿ ಹಿಡಿಯುತ್ತಾನೆ, ಬೇರೆಯವರನ್ನು ದೂರುತ್ತಾನೆ. ತಾನು ಅಳಿದರೂ ತನ್ನ ಜನ, ನಂಬಿಕೆ ಉಳಿಯುತ್ತವೆ ಎಂಬುದೇ ಆಸರೆಯಾದಾಗ ಬೇರೆ ರೀತಿ ಬದುಕುವವರು ಅದನ್ನು ಅಲುಗಿಸಿದಂತೆ ಕಾಣುತ್ತಾರೆ. 2001ರ ಅಮೆರಿಕನ್ ಅಧ್ಯಯನವೊಂದರಲ್ಲಿ ಸಾವನ್ನು ನೆನಪಿಸಿಕೊಂಡ ಬಿಳಿಯರು, ಜನಾಂಗದ ಹೆಮ್ಮೆ ಮೆರೆಸುವ ಬಿಳಿಯರ ಬಗ್ಗೆ ಹೆಚ್ಚು ಮೃದುವಾದರು.

ಹಾಗೆಂದು ಎಲ್ಲವನ್ನೂ ಇದರ ಮೇಲೆ ಹೊರಿಸುವಂತಿಲ್ಲ. ಸಿದ್ಧಾಂತದ 1994ರ ಪ್ರಯೋಗವೊಂದನ್ನು ಹಲವು ಪ್ರಯೋಗಾಲಯಗಳು ಮತ್ತೆ ನಡೆಸಿದಾಗ (ಪ್ರಕಟಣೆ 2022) ಅದೇ ಫಲಿತಾಂಶ ಬರಲಿಲ್ಲ. ಆದ್ದರಿಂದ ಮೊದಲು ಖಿನ್ನತೆಯ ತಪಾಸಣೆ: ಹೃದಯಾಘಾತದ ನಂತರ ಅದು ಅಪರೂಪವಲ್ಲ, ಸಿಡುಕಾಗಿಯೂ ತೋರುತ್ತದೆ. ಕಚೇರಿಯಲ್ಲಿ ನಿಜವಾದ ಜಗಳವಿದೆಯೇ ಎಂದೂ ವಿಚಾರಿಸಲಾಯಿತು. ಎರಡೂ ಇರಲಿಲ್ಲ.

ಎರಡು ವಾರ ಪುಸ್ತಕವೊಂದರಲ್ಲಿ ಬರೆಯಲು ಹೇಳಲಾಯಿತು: ಕಟುಮಾತು ಬಂದ ಹೊತ್ತು, ಆಡಿದ ಶಬ್ದಗಳು, ಅದಕ್ಕೆ ಮುಂಚಿನ ಒಂದು ಗಂಟೆಯಲ್ಲಿ ಕಂಡದ್ದು, ಕೇಳಿದ್ದು. ವೈದ್ಯರನ್ನು ಕಂಡು ಬಂದ ಸಂಜೆಗಳಲ್ಲೇ, ಅದೂ ಎಲ್ಲ ಸರಿಯಿದೆ ಎಂದು ನಿರಾಳವಾದ ಮೇಲೆ, ಮಾತು ಹರಿತವಾಗುತ್ತಿತ್ತು. ಅವರೇ ಇದನ್ನು ಗುರುತಿಸಿದರು. ನಾವು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಭೇಟಿಯ ಮೊದಲರ್ಧದಲ್ಲೇ ಸಾವಿನ ಮಾತು: ಉಯಿಲು, ಸಾಲ, ಪತ್ನಿಯ ಮುಂದಿನ ದಿನಗಳು. ಕೊನೆಯ ಐದು ನಿಮಿಷದಲ್ಲಿ ಅದನ್ನು ಕೆದಕಿ ಮನೆಗೆ ಕಳಿಸಿದರೆ ಭಯ ಅರೆಬರೆ ಉಳಿಯುತ್ತದೆ, ಸಿಟ್ಟು ಮನೆಯಲ್ಲಿ ಸಿಡಿಯುತ್ತದೆ. ಉಳಿದರ್ಧ ಅವರು ಹೆಮ್ಮೆಪಡುವ ಮೌಲ್ಯಕ್ಕೆ. ಹಿಂದೊಮ್ಮೆ ಬಡ್ತಿ ತಪ್ಪಿದ ಬೇರೆ ಜನಾಂಗದ ಸಹೋದ್ಯೋಗಿಯ ಪರ ನಿಂತಿದ್ದರು. ಅದನ್ನೇ ವಿವರವಾಗಿ ಬರೆಸಲಾಯಿತು. ಸಹನೆಯ ಮೌಲ್ಯವನ್ನು ನೆನಪಿಸಿದರೆ ಸಾವಿನ ನೆನಪು ಹಗೆಯಾಗುವುದಿಲ್ಲ ಎಂದು 1992ರ ಪ್ರಯೋಗವೊಂದು ತೋರಿಸಿತ್ತು. ಆದರೆ ಆ ಸಹನೆ ಅವರದ್ದೇ ಆಗಿರಬೇಕು, ಉಪದೇಶದ ಸಹನೆ ಇಲ್ಲಿ ಕೆಲಸಕ್ಕೆ ಬಾರದು.

ಪತ್ನಿಗೆ ಕೊಟ್ಟ ಸಲಹೆ: ವಾದ ಬೇಡ, ನಕ್ಕು ಸುಮ್ಮನಾಗುವುದೂ ಬೇಡ. "ಈ ಮಾತು ನನಗೆ ಒಪ್ಪಿಗೆಯಿಲ್ಲ" ಎಂದಷ್ಟೇ ಹೇಳಿ, ಮರುದಿನ ಮಾತಾಡಿ. ತಾವು ಎದುರಿಗೇ ನೋಯಿಸಿದ ಸಹೋದ್ಯೋಗಿಯಲ್ಲಿ ಕ್ಷಮೆ ಕೇಳುವಾಗ ಕಾಯಿಲೆಯನ್ನು ನೆಪ ಮಾಡಬಾರದೆಂದು ಸಲಹಾರ್ಥಿಗೆ ಸ್ಪಷ್ಟವಾಗಿ ಹೇಳಲಾಯಿತು. ಹಾಗೆಯೇ ಕ್ಷಮೆ ಕೇಳಿದರು.

ಸಿಡುಕು ಇಳಿದಿದೆ, ಪೂರ್ತಿ ಹೋಗಿಲ್ಲ. ತಪಾಸಣೆಯ ವಾರಗಳಲ್ಲಿ ಮರಳುತ್ತದೆ. ಆ ವಾರಗಳಲ್ಲಿ ವೈದ್ಯರ ಭೇಟಿಯಾದ ಮರುದಿನವೇ ಆಪ್ತಸಲಹೆ ನಿಗದಿಯಾಗಿದೆ.