‘ಅವರಿಗೆ ಪುಸ್ತಕ ಓದಿ ಹೇಳುತ್ತಿದ್ದವರು ಯಾರು?’

ಪ್ರಶ್ನೆ: ನಾನು ಬಾಗಲಕೋಟೆ ಜಿಲ್ಲೆ ಜಮಖಂಡಿ ತಾಲ್ಲೂಕಿನ ಒಂದು ಪ್ರೌಢಶಾಲೆಯ ಶಿಕ್ಷಕ. ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನದಂದು ಸಾಧಕರ ಕುರಿತು ಮಾತನಾಡುವ ಹೊಣೆ ಪ್ರತಿ ವರ್ಷ ನನ್ನ ಪಾಲಿಗೇ ಬರುತ್ತದೆ. ಹೋದ ವರ್ಷ ‘ಮನಸ್ಸಿದ್ದರೆ ಮಾರ್ಗ’ ಎಂದು ಅರ್ಧ ಗಂಟೆ ಮಾತನಾಡಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಎಡಗಾಲಿನಲ್ಲಿ ಊನವಿರುವ ಒಂಬತ್ತನೆಯ ತರಗತಿಯ ಹುಡುಗ ಅಷ್ಟು ಹೊತ್ತೂ ತಲೆ ಎತ್ತಲಿಲ್ಲ. ದೃಷ್ಟಿ ಮಂದವಾಗಿರುವ ಹುಡುಗಿಯೊಬ್ಬಳೂ ನಮ್ಮಲ್ಲಿದ್ದಾಳೆ. ಈ ಸಲ ಯಾರ ಕತೆ ಹೇಳಲಿ, ಹೇಗೆ ಹೇಳಲಿ?

ಉತ್ತರ: ತಲೆ ಎತ್ತದೆ ಕುಳಿತ ಹುಡುಗನನ್ನು ನೀವು ಗಮನಿಸಿದಿರಲ್ಲ, ಅಲ್ಲಿಗೆ ಅರ್ಧ ಕೆಲಸ ಆಯಿತು. ವಿಜಯಪುರದಲ್ಲಿ ಅಂಧ ಮಕ್ಕಳಿಗೆ ಬ್ರೈಲ್ ಕಲಿಸಲು ಸೇರಿಕೊಂಡ ಹೊಸತರಲ್ಲಿ ನಾನೂ ಇಂಥದೇ ಭಾಷಣ ಮಾಡಿದ್ದೆ. ಮುಗಿದ ಮೇಲೆ ಹನ್ನೆರಡು ವರ್ಷದ ಹುಡುಗನೊಬ್ಬ ಎದ್ದು ನಿಂತು, ‘ಸರ್, ಅವರಿಗೆ ಪುಸ್ತಕ ಯಾರ್ ಓದಿ ಹೇಳತಿದ್ರು?’ ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಪದಕ, ಪ್ರಶಸ್ತಿ, ರ್‍ಯಾಂಕು ಎಲ್ಲವನ್ನೂ ಬರೆದುಕೊಂಡು ಹೋಗಿದ್ದ ನನಗೆ ಆ ಹುಡುಗನಿಗೆ ಬೇಕಾಗಿದ್ದ ಒಂದೇ ಒಂದು ಸಂಗತಿ ಗೊತ್ತಿರಲಿಲ್ಲ. ಅಂದಿನಿಂದ, ಯಾರು ಓದಿ ಹೇಳಿದರು, ಯಾರು ಊಟ ಹಾಕಿದರು, ಯಾವ ಬಾಗಿಲು ಮುಚ್ಚಿತ್ತು, ಅದನ್ನು ತೆರೆದವರು ಯಾರು ಎಂಬುದನ್ನು ತಿಳಿದುಕೊಳ್ಳದೆ ನಾನು ಯಾವ ಸಾಧಕರ ಕತೆಯನ್ನೂ ಮಕ್ಕಳೆದುರು ಹೇಳುವುದಿಲ್ಲ.

ಈ ಲೆಕ್ಕದಲ್ಲಿ ಮೊದಲ ಕತೆಗೆ ನೀವು ದೂರ ಹೋಗಬೇಕಾಗಿಲ್ಲ. ಬಾಗಲಕೋಟೆಯಲ್ಲಿ ರೈಲು ಹತ್ತಿದರೆ ಬಾದಾಮಿ, ಹೊಳೆಆಲೂರು ದಾಟಿ ಗದಗ ಬರುತ್ತದೆ. ಅಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮವಿದೆ. ಪಂಚಾಕ್ಷರ ಗವಾಯಿಗಳು (1892–1944) ಕಣ್ಣಿಲ್ಲದವರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತೆಂದು ಹೇಳಿ ಮುಂದಕ್ಕೆ ಹೋಗುವುದು ಸುಲಭ. ಆದರೆ ಪಂಚಾಕ್ಷರರ ಹಿಂದೆ ಹಾನಗಲ್ ಕುಮಾರ ಸ್ವಾಮಿಗಳಿದ್ದರು. ಬಡ ಮನೆಯ ಕುರುಡು ಹುಡುಗನಲ್ಲಿ ಕಂಠವಿದೆ ಎಂದು ಗುರುತಿಸಿ ಸಂಗೀತ ಕಲಿಸುವ ವ್ಯವಸ್ಥೆ ಮಾಡಿದವರು ಅವರು. ಪಂಚಾಕ್ಷರರು ಹಿಂದೂಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಕಲಿತು, ತಮ್ಮಂಥ ಮಕ್ಕಳನ್ನು ಕೂಡಿಸಿಕೊಂಡರು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ನಡೆಯುವ ಸಂಗೀತ ಪಾಠಕ್ಕೆ ಅಚ್ಚಿನ ಪುಸ್ತಕ ಬೇಕಿರಲಿಲ್ಲ. ಹೀಗಾಗಿ ಕಣ್ಣಿಲ್ಲದ ಮಗು ಅಲ್ಲಿ ಹಿಂದೆ ಬೀಳುವ ಕಾರಣವೇ ಇರಲಿಲ್ಲ. ಇನ್ನು ಅನ್ನದ ಪ್ರಶ್ನೆ. ಅದಕ್ಕೆ ನಾಟಕ ಕಂಪನಿ ಇತ್ತು, ಪುಟ್ಟರಾಜರೇ ನಾಟಕ ಬರೆದರು. ಊರೂರಲ್ಲಿ ಭಕ್ತರು ಮಾಡಿದ ತುಲಾಭಾರದ ಹಣ ಆಶ್ರಮದ ಮಕ್ಕಳ ಹೊಟ್ಟೆಗೆ ಹೋಯಿತು. ಅಲ್ಲಿ ಕಲಿತವರು ಕೀರ್ತನಕಾರರಾಗಿ, ತಬಲಾ ವಾದಕರಾಗಿ, ಸಂಗೀತ ಶಿಕ್ಷಕರಾಗಿ ಉತ್ತರ ಕರ್ನಾಟಕದ ತುಂಬ ಸಂಸಾರ ಹೂಡಿದ್ದಾರೆ. ನಿಮ್ಮ ಊರಿನ ಪುರಾಣದ ಕಟ್ಟೆಯ ಮೇಲೂ ಅವರಲ್ಲೊಬ್ಬರು ಹಾರ್ಮೋನಿಯಂ ನುಡಿಸಿರಬಹುದು. ಮಕ್ಕಳಿಗೆ ಪದ್ಮಭೂಷಣದ ಮಾತು ಹೇಳುವ ಮುಂಚೆ ಇದನ್ನು ಹೇಳಿ.

ಈ ಕತೆಗೆ ಒಂದು ಅಪಾಯವೂ ಉಂಟು. ಗದಗಿನ ಕೀರ್ತಿಯ ನೆರಳಿನಲ್ಲಿ, ಕಣ್ಣಿಲ್ಲದ ಮಗು ಎಂದರೆ ಸಂಗೀತಕ್ಕೇ ಹುಟ್ಟಿದ್ದು ಎಂಬ ಭಾವನೆ ನಮ್ಮ ಕಡೆ ಬೇರುಬಿಟ್ಟಿದೆ. ನಾನು ಬ್ರೈಲ್ ಕಲಿಸಿದ ಮಕ್ಕಳಲ್ಲಿ ಶ್ರುತಿ ಹಿಡಿಯಲಾರದವರು ಎಷ್ಟೋ ಮಂದಿ. ಅವರಿಗೂ ಹಾರ್ಮೋನಿಯಂ ಕೊಟ್ಟು ಕೂರಿಸುವುದೆಂದರೆ ಕಣ್ಣಿದ್ದವರನ್ನೆಲ್ಲ ಚಿತ್ರಕಾರರಾಗಿ ಎಂದಷ್ಟೇ ವಿವೇಕದ ಮಾತು.

ಕಾಲಿನ ಊನವಿರುವ ನಿಮ್ಮ ಹುಡುಗನಿಗಾಗಿ ನರ್ತಕಿ ಸುಧಾ ಚಂದ್ರನ್ ಅವರ ಕತೆಯನ್ನು ಜೈಪುರದಿಂದ ಆರಂಭಿಸಿ. 1981ರಲ್ಲಿ ತಿರುಚಿರಾಪಳ್ಳಿ ಸಮೀಪ ನಡೆದ ಅಪಘಾತದಲ್ಲಿ ಅವರ ಬಲಗಾಲಿಗೆ ಗಾಯವಾಗಿ, ಅದು ಕೊಳೆತು, ಕಾಲನ್ನೇ ಕತ್ತರಿಸಬೇಕಾಯಿತು. ಆದರೆ ಅದಕ್ಕೂ ಹದಿಮೂರು ವರ್ಷ ಮೊದಲು, 1968ರಲ್ಲಿ, ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಮತ್ತು ಹೆಚ್ಚು ಶಾಲೆ ಕಲಿಯದ ಕುಶಲಕರ್ಮಿ ರಾಮಚಂದ್ರ ಶರ್ಮಾ ಸೇರಿ ರಬ್ಬರಿನ ಕಾಲೊಂದನ್ನು ರೂಪಿಸಿದ್ದರು. ವಿದೇಶಿ ಮಾದರಿಯ ಕೃತಕ ಕಾಲಿಗೆ ಬೂಟು ಬೇಕಿತ್ತು, ಅದನ್ನು ಹಾಕಿಕೊಂಡು ಚಕ್ಕಳಬಕ್ಕಳ ಹಾಕಿ ಕೂರುವಂತಿರಲಿಲ್ಲ, ಕುಕ್ಕರುಗಾಲಿನಲ್ಲಿ ಕೂರುವಂತಿರಲಿಲ್ಲ. ಬರಿಗಾಲಲ್ಲಿ ಹೊಲಕ್ಕೆ ಹೋಗುವ, ನೆಲದ ಮೇಲೆ ಉಣ್ಣುವ ನಮ್ಮ ಜನರಿಗೆ ಅದು ಮೂಲೆ ಸೇರುವ ಕಾಲಾಗಿತ್ತು. ಜೈಪುರ ಕಾಲು ಕಣಕಾಲಿನಲ್ಲಿ ಬಾಗುತ್ತದೆ, ಕೆಸರಿಗೂ ಅಂಜುವುದಿಲ್ಲ. ಬರಿಗಾಲಿನಲ್ಲಿ ಆಡುವ ಭರತನಾಟ್ಯಕ್ಕೆ ಬೇಕಾದದ್ದೂ ಅಂಥ ಪಾದವೇ. ಸುಧಾ ಅದನ್ನು ಧರಿಸಿ, ರಕ್ತ ಒಸರುವಷ್ಟು ಅಭ್ಯಾಸ ಮಾಡಿ, 1984ರಲ್ಲಿ ಮತ್ತೆ ರಂಗವೇರಿದರು. ಅವರ ಛಲ ದೊಡ್ಡದು, ಅದರಲ್ಲಿ ಅನುಮಾನವಿಲ್ಲ. ಆದರೆ ಭಾಷಣಗಳಲ್ಲಿ ರಾಮಚಂದ್ರ ಶರ್ಮಾ ಅವರ ಹೆಸರು ಒಮ್ಮೆಯೂ ಬರುವುದಿಲ್ಲವೆಂಬುದು ನನ್ನ ದೂರು.

ಇನ್ನೊಬ್ಬರು ನಮ್ಮ ನೆರೆಯವರು. ಬೆಳಗಾವಿಯಿಂದ ಪುಣೆಗೆ ಹೋಗುವಾಗ ಕೊಲ್ಹಾಪುರ ದಾಟಿದ ಮೇಲೆ ಪೇಠ್ ನಾಕಾ ಸಿಗುತ್ತದೆ. ಸಾಂಗಲಿ ಜಿಲ್ಲೆಯ ಆ ಊರಿನವರು ಮುರಳಿಕಾಂತ್ ಪೇಟ್ಕರ್. ಸೈನಿಕರಾಗಿದ್ದ ಅವರಿಗೆ 1965ರ ಯುದ್ಧದಲ್ಲಿ ಗುಂಡು ತಗುಲಿ ಸೊಂಟದ ಕೆಳಗಿನ ಭಾಗ ಸ್ವಾಧೀನ ತಪ್ಪಿತು. ಚಿಕಿತ್ಸೆಯ ಭಾಗವಾಗಿ ನೀರಿಗಿಳಿದವರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಈಜಿ ವಿಶ್ವದಾಖಲೆಯೊಂದಿಗೆ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಚಿನ್ನ ಅದು. ಪದ್ಮಶ್ರೀ ಬಂದದ್ದು 2018ರಲ್ಲಿ, ಅಂದರೆ 46 ವರ್ಷಗಳ ಅನಂತರ. ಈ 46 ಎಂಬ ಸಂಖ್ಯೆಯನ್ನು ಮಕ್ಕಳೆದುರು ಮುಚ್ಚಿಡಬೇಡಿ. ಗಣಿತದ ಪೀರಿಯಡ್ಡಿಗಿಂತ ಚೆನ್ನಾಗಿ ಕಳೆಯುವ ಲೆಕ್ಕ ಮಾಡಿಕೊಳ್ಳುತ್ತಾರೆ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ್ ಎಡಗಾಲಿನ ಊನದೊಂದಿಗೇ 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ 1.74 ಮೀಟರ್ ಎತ್ತರ ಹಾರಿ ಬೆಳ್ಳಿ ಗೆದ್ದರು. ಹಾಸನದಲ್ಲೇ ಹುಟ್ಟಿ, ಸುರತ್ಕಲ್ಲಿನಲ್ಲಿ ಎಂಜಿನಿಯರಿಂಗ್ ಓದಿ, ಉತ್ತರಪ್ರದೇಶದಲ್ಲಿ ಐಎಎಸ್ ಅಧಿಕಾರಿಯಾದ ಸುಹಾಸ್ ಎಲ್. ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದರು. ಇವರ ಹೆಸರು ಹೇಳಿ ಚಪ್ಪಾಳೆ ಹೊಡೆಸಿ, ಮರುದಿನ ಆಟದ ಪೀರಿಯಡ್ಡಿನಲ್ಲಿ ಆ ಹುಡುಗನನ್ನು ಉಳಿದವರ ಚಪ್ಪಲಿ ಕಾಯಲು ಕೂರಿಸುವ ಶಾಲೆಗಳನ್ನು ನಾನು ಕಂಡಿದ್ದೇನೆ. ನಿಮ್ಮದು ಹಾಗಿಲ್ಲವೆಂದು ನಂಬುತ್ತೇನೆ. ಆದರೂ ಅವನಿಗೆ ಯಾವ ಆಟ ಬೇಕೆಂದು ಕೇಳಿದ್ದೀರಾ?

ದೃಷ್ಟಿ ಮಂದವಿರುವ ಹುಡುಗಿಗೆ ಅಂಧರ ಕ್ರಿಕೆಟ್ಟಿನ ಸಂಗತಿ ಹೇಳಿ. ಬೆಳಗಾವಿ ಜಿಲ್ಲೆಯಲ್ಲಿ ಹುಟ್ಟಿ, ಸ್ವತಃ ಅಂಧರಾಗಿದ್ದು, 1997ರಲ್ಲಿ ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ ಸಮರ್ಥನಂ ಸಂಸ್ಥೆಯನ್ನು ಕಟ್ಟಿದ ಮಹಾಂತೇಶ ಜಿ. ಕಿವಡಸಣ್ಣವರ ದೇಶದಲ್ಲಿ ಈ ಆಟಕ್ಕೆ ನೆಲೆ ಒದಗಿಸಿದವರಲ್ಲಿ ಪ್ರಮುಖರು. ಒಳಗೆ ಗುಂಡುಗಳು ಗಲಗಲ ಎನ್ನುವ ಪ್ಲಾಸ್ಟಿಕ್ ಚೆಂಡನ್ನು ಕೈಯನ್ನು ಭುಜಕ್ಕಿಂತ ಕೆಳಗಿಟ್ಟು ಉರುಳುವಂತೆ ಎಸೆಯಬೇಕು. ತಂಡದಲ್ಲಿ ಪೂರ್ಣ ಅಂಧರು ಕನಿಷ್ಠ ನಾಲ್ವರಿರಬೇಕು, ಉಳಿದವರು ಅಲ್ಪಸ್ವಲ್ಪ ಕಾಣುವವರು. ಪೂರ್ಣ ಅಂಧ ಬ್ಯಾಟರ್ ಗಳಿಸಿದ ಪ್ರತಿ ರನ್ನಿಗೆ ಎರಡರ ಲೆಕ್ಕ. ಶಿವಮೊಗ್ಗ ಜಿಲ್ಲೆಯ ಶೇಖರ್ ನಾಯಕ್ ನಾಯಕತ್ವದಲ್ಲಿ ಭಾರತ 2012ರಲ್ಲಿ ಬೆಂಗಳೂರಿನಲ್ಲೇ ಟಿ20 ವಿಶ್ವಕಪ್ ಗೆದ್ದಿತು. 2025ರ ನವೆಂಬರಿನಲ್ಲಿ ಕೊಲಂಬೊದಲ್ಲಿ ಅಂಧ ಮಹಿಳೆಯರ ಮೊದಲ ಟಿ20 ವಿಶ್ವಕಪ್ ಎತ್ತಿಹಿಡಿದ ಭಾರತದ ನಾಯಕಿ ದೀಪಿಕಾ ಟಿ.ಸಿ. ಕೂಡ ನಮ್ಮ ರಾಜ್ಯದವರೇ. ಭಾಷಣಕ್ಕೆ ಬದಲು ಒಂದು ಗಲಗಲ ಚೆಂಡು ತಂದು, ಕಣ್ಣಿರುವ ಮಕ್ಕಳಿಗೆ ಬಟ್ಟೆ ಕಟ್ಟಿ ಆಡಿಸಿದರೂ ಆದೀತು. ಆ ದಿನ ಹುಡುಗಿಯೇ ನಾಯಕಿಯಾಗಲಿ.

ಒಂದು ಮಾತು ಪದಗಳ ಬಗ್ಗೆ. ‘ಅಂಗವಿಕಲ’ ಒರಟೆಂದು ಸರ್ಕಾರಿ ಕಾಗದಗಳಲ್ಲಿ ‘ವಿಕಲಚೇತನ’ ಬಂತು, ಈಚೆಗೆ ‘ದಿವ್ಯಾಂಗ’ ಬಂದಿದೆ. ಕಾಲಿಗೆ ಊನವಾದವನ ಚೇತನ ಏಕೆ ವಿಕಲವಾಗಬೇಕೋ ನನಗೆ ಇಂದಿಗೂ ತಿಳಿದಿಲ್ಲ. ಆ ಇಬ್ಬರು ಮಕ್ಕಳಿಗೆ ಅಪ್ಪ ಅವ್ವ ಇಟ್ಟ ಹೆಸರಿದೆ, ಅದರಿಂದಲೇ ಕರೆಯಿರಿ.

ಪ್ರಶ್ನೆ: ನಾವು ಬೆಳಗಾವಿ ಜಿಲ್ಲೆ ಅಥಣಿ ತಾಲ್ಲೂಕಿನವರು. ಮಗಳಿಗೆ ದೃಷ್ಟಿ ಬಹಳ ಮಂದ. ಎಸ್ಸೆಸ್ಸೆಲ್ಸಿಯಲ್ಲಿ ಉತ್ತಮ ಅಂಕ ಬಂದಿದೆ. ಪಿಯುಸಿ ವಿಜ್ಞಾನಕ್ಕೆ ಸೇರುವೆ ಎನ್ನುತ್ತಾಳೆ. ಕಾಲೇಜಿನವರು ‘ಲ್ಯಾಬ್ ಕಷ್ಟ, ಆರ್ಟ್ಸ್ ಕೊಡಿಸಿ, ಇಲ್ಲವೇ ಸಂಗೀತ ಕಲಿಸಿ’ ಎನ್ನುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೇಲಿನ ಪತ್ರಕ್ಕೆ ಬರೆದ ಅಪಾಯ ನಿಮ್ಮ ಮನೆಯ ಬಾಗಿಲಿಗೇ ಬಂದಿದೆ. ಕಲಾ ವಿಭಾಗ ಕೀಳೆಂದು ನಾನು ಹೇಳುವುದಿಲ್ಲ. ಅವಳು ಅದನ್ನು ಆರಿಸಿಕೊಂಡಿಲ್ಲ, ಅಷ್ಟೇ.

ಆಂಧ್ರದ ಮಚಲೀಪಟ್ಟಣದ ಬಳಿಯ ಹಳ್ಳಿಯಲ್ಲಿ ಹುಟ್ಟುಗುರುಡರಾಗಿ ಬೆಳೆದ ಶ್ರೀಕಾಂತ್ ಬೊಲ್ಲಾ ಅವರಿಗೂ ಹತ್ತನೆಯ ತರಗತಿಯ ಬಳಿಕ ಇದೇ ಉತ್ತರ ಸಿಕ್ಕಿತ್ತು. ಅವರು ನ್ಯಾಯಾಲಯಕ್ಕೆ ಹೋಗಿ ವಿಜ್ಞಾನ ಓದುವ ಅನುಮತಿ ಪಡೆದರು. ಪಾಠಗಳನ್ನು ಶಿಕ್ಷಕಿಯೊಬ್ಬರು ಧ್ವನಿಮುದ್ರಿಸಿಕೊಟ್ಟರು. ಪುಸ್ತಕ ಓದಿ ಹೇಳಿದವರು ಯಾರು ಎಂಬ ಪ್ರಶ್ನೆಗೆ ಇಲ್ಲಿ ನೇರ ಉತ್ತರವಿದೆ. ಹನ್ನೆರಡನೆಯ ತರಗತಿಯಲ್ಲಿ 98 ಪ್ರತಿಶತ ಅಂಕ ಬಂತು. ಮುಂದೆ ಅಮೆರಿಕದ ಹೆಸರಾಂತ ತಾಂತ್ರಿಕ ವಿಶ್ವವಿದ್ಯಾಲಯ ಎಂಐಟಿಯಲ್ಲಿ ಓದಿ ಮರಳಿ, ಹೈದರಾಬಾದಿನಲ್ಲಿ ಬೊಲ್ಲಾಂಟ್ ಇಂಡಸ್ಟ್ರೀಸ್ ಎಂಬ ಕಂಪನಿ ಸ್ಥಾಪಿಸಿದರು. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡ ಪ್ರಾಂಜಲ್ ಪಾಟೀಲ್ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನ ಓದು ತಂತ್ರಾಂಶದಿಂದ ಕೇಳಿಸಿಕೊಂಡು ಯುಪಿಎಸ್‌ಸಿ ಬರೆದವರು. ಮೊದಲ ಸಲ ತೇರ್ಗಡೆಯಾದಾಗ ಸಿಕ್ಕ ರೈಲ್ವೆ ಲೆಕ್ಕಪತ್ರ ಸೇವೆಯನ್ನು ಕಣ್ಣಿಲ್ಲವೆಂಬ ಕಾರಣಕ್ಕೆ ನಿರಾಕರಿಸಲಾಯಿತು. ಮರುವರ್ಷ 124ನೆಯ ಸ್ಥಾನ ಪಡೆದು ಐಎಎಸ್ ಸೇರಿದರು. ಬೆನ್ನುಮೂಳೆಯ ಊನವಿರುವ ಇರಾ ಸಿಂಘಾಲ್ ಅವರಿಗೆ ತಳ್ಳಲು, ಎಳೆಯಲು, ಎತ್ತಲು ಆಗದೆಂದು ಕಂದಾಯ ಸೇವೆಯ ನೇಮಕಾತಿ ತಡೆದಿದ್ದರು. ತೆರಿಗೆ ಕಚೇರಿಯಲ್ಲಿ ಎತ್ತುವುದೇನಿದೆಯೋ! ಅವರು ಆಡಳಿತ ನ್ಯಾಯಮಂಡಳಿಯಲ್ಲಿ ಗೆದ್ದು, 2014ರ ಸಾಲಿನ ಪರೀಕ್ಷೆಯಲ್ಲಿ ದೇಶಕ್ಕೇ ಮೊದಲಿಗರಾದರು.

ಇವರೆಲ್ಲರ ಹೋರಾಟದ ಕಾಲಕ್ಕಿಂತ ನಿಮ್ಮ ಕೈಯಲ್ಲಿ ಇಂದು ಬಲವಾದ ಕಾನೂನಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ 21 ಬಗೆಯ ಊನಗಳನ್ನು ಗುರುತಿಸುತ್ತದೆ. ಅದರ 16ನೆಯ ಕಲಮಿನ ಪ್ರಕಾರ ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಅಗತ್ಯಕ್ಕೆ ತಕ್ಕ ಅನುಕೂಲವನ್ನೂ ಮಾಡಿಕೊಡಬೇಕು. ನಿಮ್ಮ ಮಗಳಿಗೆ ಬೇಕಾಗುವ ಅನುಕೂಲ ದೊಡ್ಡ ಖರ್ಚಿನದಲ್ಲ: ದೊಡ್ಡಕ್ಷರದ ಪ್ರತಿ, ಮುಂದಿನ ಬೆಂಚು, ಫಲಕದ ಮೇಲೆ ಬರೆದದ್ದನ್ನು ಬಾಯಲ್ಲೂ ಹೇಳುವ ಉಪನ್ಯಾಸಕರು, ಪ್ರಯೋಗದಲ್ಲಿ ಅವಳ ಸೂಚನೆಯಂತೆ ದ್ರಾವಣ ಸುರಿದು ಬಣ್ಣ ಯಾವುದೆಂದು ಹೇಳುವ ಜೊತೆಗಾತಿ. ಎನ್‌ವಿಡಿಎ ಎಂಬ ಓದು ತಂತ್ರಾಂಶ ಉಚಿತ, ಕನ್ನಡವನ್ನೂ ಓದುತ್ತದೆ. ರೇಖಾಗಣಿತ, ಭೌತಶಾಸ್ತ್ರದ ಚಿತ್ರಗಳಲ್ಲಿ ಮಾತ್ರ ತ್ರಾಸ ನಿಜ. ಅವನ್ನು ದಪ್ಪ ಗೆರೆಯಲ್ಲಿ ಅಥವಾ ದಾರ ಅಂಟಿಸಿ ಮಾಡಿಕೊಡಬೇಕಾಗುತ್ತದೆ, ಅದಕ್ಕೆ ತಾಳ್ಮೆಯಿರುವ ಒಬ್ಬರು ಬೇಕು. ತಾಲ್ಲೂಕಿನ ಬಿಆರ್‌ಸಿಯಲ್ಲಿರುವ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರನ್ನು ಈಗಲೇ ಭೇಟಿಯಾಗಿ.

ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ, ಮಾಡಿಸಿಲ್ಲದಿದ್ದರೆ ಮೊದಲು ಅದಕ್ಕೆ ಅರ್ಜಿ ಹಾಕಿ. ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಊನದ ಪ್ರಮಾಣ 40 ಪ್ರತಿಶತ ಅಥವಾ ಹೆಚ್ಚಿದ್ದರೆ ಮುಂದೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ 5 ಪ್ರತಿಶತ ಸೀಟುಗಳ ಮೀಸಲಾತಿಗೂ ಅದು ಬೇಕಾಗುತ್ತದೆ. ಆಮೇಲೆ ಕಾಲೇಜಿನ ಪ್ರಾಚಾರ್ಯರಿಗೆ ಪ್ರವೇಶಕ್ಕಾಗಿ ಲಿಖಿತ ಅರ್ಜಿ ಕೊಟ್ಟು, ನಿರಾಕರಿಸುವುದಾದರೆ ಕಾರಣವನ್ನು ಬರೆದೇ ಕೊಡಿರೆಂದು ಕೇಳಿ. ಬಾಯಿಮಾತಿನಲ್ಲಿ ಸಲೀಸಾಗಿ ಬರುವ ‘ಆಗೂದಿಲ್ರಿ’ ಕಾಗದದ ಮೇಲೆ ಬರೆಯುವಾಗ ಬಹಳ ಸಲ ತಡವರಿಸುತ್ತದೆ. ಬರೆದೇ ಕೊಟ್ಟರೆ ಅದನ್ನು ಲಗತ್ತಿಸಿ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಕಳಿಸಬಹುದು. ಅದಕ್ಕೆ ವಕೀಲರೇ ಬೇಕೆಂದಿಲ್ಲ. ಅರ್ಜಿ ಕೊಡುವ ದಿನ ಮಗಳನ್ನೂ ಕರೆದೊಯ್ಯಿರಿ, ಲ್ಯಾಬಿನಲ್ಲಿ ಏನು ಬೇಕೆಂಬುದನ್ನು ಅವಳೇ ಹೇಳಲಿ. ಮತ್ತು ದಿನಾಂಕದ ಮೊಹರು ಹಾಕಿಸಿಕೊಂಡ ಪ್ರತಿಯೊಂದನ್ನು ನಿಮ್ಮಲ್ಲಿ ಇಟ್ಟುಕೊಳ್ಳುವುದನ್ನು ಮರೆಯಬೇಡಿ.