ಲಾಗಿನ್ ಸರ್ವರ್‌ನಲ್ಲೇ ವೆಬ್‌ಸೈಟ್ ಹಾಕಬಹುದೇ?

ಪ್ರಶ್ನೆ: ಮಂಡ್ಯದ ಒಂದು ಪತ್ತಿನ ಸಹಕಾರ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಇರುವುದೊಂದೇ ವಿಂಡೋಸ್ ಸರ್ವರ್. ಸಿಬ್ಬಂದಿ ಲಾಗಿನ್, ಡಿಎನ್‌ಎಸ್, ಫೈಲುಗಳು ಎಲ್ಲ ಅದರಲ್ಲೇ. ಸದಸ್ಯರು ಮನೆಯಿಂದಲೇ ಸಾಲದ ಬಾಕಿ ನೋಡುವಂತೆ ವೆಬ್‌ಸೈಟನ್ನೂ ಅದರಲ್ಲೇ ಹಾಕಿ ಎನ್ನುತ್ತಾರೆ ಕಾರ್ಯದರ್ಶಿಗಳು. ಸಾಫ್ಟ್‌ವೇರಿನವರು ‘ಆಂಟಿವೈರಸ್ ಇದೆಯಲ್ಲ, ಏನೂ ಆಗಲ್ಲ’ ಅಂತಾರೆ. ಹಾಕಬಹುದೇ ಮೇಡಂ?

ಉತ್ತರ: ಹಾಕಬೇಡಿ. ನಿಮ್ಮದು ಡೊಮೈನ್ ಕಂಟ್ರೋಲರ್, ಅಂದರೆ ಸಂಘದ ಕಂಪ್ಯೂಟರ್ ಜಾಲಕ್ಕೆ (ಡೊಮೈನ್) ಯಾರನ್ನು ಬಿಡಬೇಕೆಂದು ನಿರ್ಧರಿಸುವ ಸರ್ವರ್. ಸಂಘದ ಪ್ರತಿಯೊಬ್ಬರ ಪಾಸ್‌ವರ್ಡ್ ಹ್ಯಾಶ್ (ಪಾಸ್‌ವರ್ಡಿನ ಗುಪ್ತ ರೂಪ) ಅದರ ಒಂದೇ ಫೈಲಿನಲ್ಲಿ ಕೂತಿದೆ, ಹೆಸರು ಎನ್‌ಟಿಡಿಎಸ್ ಡಾಟ್ ಡಿಐಟಿ. ಬೇರೆ ಯಂತ್ರದಲ್ಲಿ ವೆಬ್‌ಸೈಟ್ ಒಡೆದರೆ ಹೋಗುವುದು ಮೊದಲು ಆ ಯಂತ್ರ. ಡೊಮೈನ್ ಕಂಟ್ರೋಲರ್‌ನಲ್ಲಿ ಅದಕ್ಕೇ ಎಂದು ಪ್ರತ್ಯೇಕ ಸ್ಥಳೀಯ ಖಾತೆಗಳಿರುವುದಿಲ್ಲ. ಒಳಹೊಕ್ಕವನು ಅಲ್ಲಿ ಸಿಸ್ಟಮ್ ಹಕ್ಕು, ಅಂದರೆ ಯಂತ್ರದ ಮೇಲಿನ ಪೂರ್ಣ ಅಧಿಕಾರ, ಗಿಟ್ಟಿಸಿಕೊಂಡರೆ ಇಡೀ ಡೊಮೈನೇ ಅವನದು. ವಿಂಡೋಸ್‌ನದೇ ವೆಬ್ ಸರ್ವರ್ ಆದ ಐಐಎಸ್ ಮೂಲಕ ನುಗ್ಗಿದವರಿಗೆ ಆ ಹಕ್ಕಿನ ತನಕ ಏರುವ ದಾರಿಗಳು ಚೆನ್ನಾಗಿ ಗೊತ್ತು. ಆಮೇಲೆ ಎಲ್ಲರ ಪಾಸ್‌ವರ್ಡ್ ಬದಲಿಸಿದರೂ ಸಾಲದು. ಲಾಗಿನ್ ಟಿಕೆಟ್‌ಗಳಿಗೆ ಬೀಗದ ಕೈಯಂತಿರುವ ಕೆಆರ್‌ಬಿಟಿಜಿಟಿ ಎಂಬ ಒಳಖಾತೆಯ ಪಾಸ್‌ವರ್ಡನ್ನು ಎರಡು ಸಲ ಬದಲಿಸಬೇಕು.

ಆಂಟಿವೈರಸ್ ಮಾತು ಬಿಡಿ. 2001ರ ಜುಲೈನಲ್ಲಿ ಕೋಡ್ ರೆಡ್ ಎಂಬ, ತಾನಾಗಿ ಹರಡುವ ಕಂಪ್ಯೂಟರ್ ಹುಳ 14 ಗಂಟೆಯೊಳಗೆ ಸುಮಾರು 3,59,000 ಯಂತ್ರಗಳಿಗೆ ಅಂಟಿತು. ಆಂಟಿವೈರಸ್ ಹಿಡಿಯುವಂತೆ ಅದು ಫೈಲಾಗಿ ಡಿಸ್ಕಿಗೆ ಬರಲೇ ಇಲ್ಲ, ಐಐಎಸ್‌ನ ದೋಷ ಹಿಡಿದು ನೇರ ಮೆಮೊರಿಗೆ ಹೊಕ್ಕಿತು. ತಮಾಷೆ ನೋಡಿ, ಆ ದೋಷ ಸರಿಪಡಿಸುವ ಪ್ಯಾಚ್ ಜೂನ್‌ನಲ್ಲೇ ಬಂದಿತ್ತು. ಆಗಿನ ವಿಂಡೋಸ್ 2000 ಸರ್ವರ್ ಹಾಕಿದರೆ ಐಐಎಸ್ ಕೇಳದೆಯೇ ಜೊತೆಗೆ ಬರುತ್ತಿತ್ತು. ತಮ್ಮಲ್ಲಿ ವೆಬ್ ಸರ್ವರ್ ಓಡುತ್ತಿದೆ ಎಂಬುದೇ ಎಷ್ಟೋ ಜನಕ್ಕೆ ತಿಳಿದಿರಲಿಲ್ಲ. 2003ರ ಆವೃತ್ತಿಯಿಂದ ಮೈಕ್ರೋಸಾಫ್ಟ್ ಅದನ್ನು ತಾನಾಗಿ ಹಾಕುವುದನ್ನು ನಿಲ್ಲಿಸಿತು.

ಕಳ್ಳರೇ ಬರಬೇಕೆಂದೂ ಇಲ್ಲ. ಮೈಸೂರಿನ ಹೆಬ್ಬಾಳು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲಾಗಿನ್ ಸರ್ವರ್‌ನಲ್ಲೇ ಇಟ್ಟಿದ್ದ ವೆಬ್‌ಸೈಟಿನ ಲಾಗ್ ಫೈಲುಗಳೇ ಸಿ ಡ್ರೈವ್ ತುಂಬಿಸಿಬಿಟ್ಟಿದ್ದವು. ನಾನು ಹೋದಾಗ ಬೆಳಗಿನ ಪಾಳಿಯವರಿಗೆ ಲಾಗಿನ್ ಆಗದೆ, ಗೇಟ್‌ಪಾಸನ್ನು ಕಾರ್ಬನ್ ಹಾಳೆ ಇಟ್ಟು ಕೈಯಲ್ಲಿ ಬರೆಯುತ್ತಿದ್ದರು. ಲಾರಿಗಳ ಸಾಲು ರಸ್ತೆಗೆ ಬಂದಿತ್ತು.

ಇನ್ನು ನೀವು ಮಾಡಬಹುದಾದದ್ದು. ಬಾಕಿ ತೋರಿಸಲು ಸದಸ್ಯರನ್ನು ನಿಮ್ಮ ಕಚೇರಿಯ ಒಳಗೆ ಬಿಟ್ಟುಕೊಳ್ಳುವ ಅಗತ್ಯವೇ ಇಲ್ಲ. ವೆಬ್‌ಸೈಟನ್ನು ಹೊರಗಿನ ಹೋಸ್ಟಿಂಗ್‌ನಲ್ಲಿಡಿ. ಸದಸ್ಯತ್ವ ಸಂಖ್ಯೆ, ಬಾಕಿ, ಕಂತಿನ ದಿನಾಂಕ ಇಷ್ಟನ್ನೇ ರಾತ್ರಿ ಒಳಗಿನಿಂದ ಹೊರಗೆ ಕಳಿಸಿ. ಆಧಾರ್, ವಿಳಾಸ ಬೇಡ. ಒಂದು ದಿನ ಹಳೆಯ ಲೆಕ್ಕವಾದರೆ ಯಾರಿಗೂ ನಷ್ಟವಿಲ್ಲ. ಕಚೇರಿಯಲ್ಲೇ ಇರಬೇಕೆಂದು ಕಾರ್ಯದರ್ಶಿಗಳು ಹಟ ಹಿಡಿದರೆ ಡೊಮೈನ್‌ಗೆ ಸೇರಿಸದ ಬೇರೊಂದು ಯಂತ್ರ ಕೇಳಿ. ಫೈರ್‌ವಾಲ್‌ನಲ್ಲಿ ಅದಕ್ಕೆ ಪ್ರತ್ಯೇಕ ಜಾಲ ಮಾಡಿ, ಅಲ್ಲಿಂದ ಒಳಜಾಲಕ್ಕೆ ದಾರಿ ಮುಚ್ಚಿ.

ನಾಳೆ ಬೆಳಿಗ್ಗೆಯೇ ರೂಟರ್ ತೆರೆದು ಪೋರ್ಟ್ ಫಾರ್ವರ್ಡಿಂಗ್ ಪಟ್ಟಿ, ಅಂದರೆ ಹೊರಗಿನಿಂದ ಒಳಗೆ ತೆರೆದಿರುವ ದಾರಿಗಳ ಪಟ್ಟಿ, ನೋಡಿ. ಸಾಫ್ಟ್‌ವೇರಿನವರು ತಮ್ಮ ಅನುಕೂಲಕ್ಕೆ 3389, ಅಂದರೆ ದೂರದಿಂದ ಸರ್ವರ್ ನಡೆಸುವ ರಿಮೋಟ್ ಡೆಸ್ಕ್‌ಟಾಪ್‌ನ ಪೋರ್ಟ್, ತೆರೆದಿಟ್ಟಿರುವ ಸಾಧ್ಯತೆ ಇದೆ. ಇದ್ದರೆ ಅವರನ್ನು ಕೇಳುತ್ತಾ ಕೂರಬೇಡಿ, ಮೊದಲು ಮುಚ್ಚಿ.